ಗಂಟೆಯಮ್ಮನ ತಿದ್ದುಪಡಿ

ಗಂಟೆಯಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ವಿಮಾನ ನಿಲ್ದಾಣದ ಧ್ವನಿವರ್ಧಕದಲ್ಲಿ ಆಕೆ ಬಾಯಿ ತೆರೆಯುವ ಮೊದಲು ಟಿಂಗ್ ಎಂದು ಒಂದು ಗಂಟೆ ಬಡಿಯುತ್ತದೆ, ಅದರ ಬೆನ್ನಿಗೇ ಆಕೆಯ ದನಿ ಬರುತ್ತದೆ. ಇಪ್ಪತ್ತೆರಡು ವರ್ಷ ಹೀಗೇ ಬಂದ ಮೇಲೆ ಹೆಸರು ಅಂಟಿಕೊಂಡಿತು. ಮನೆಯಲ್ಲಿ ಗಂಡನೂ ಅಷ್ಟೆ. ಆಕೆ ಗಂಟಲು ಸರಿಮಾಡಿಕೊಂಡರೆ ಸಾಕು, "ಗಂಟೆ ಹೊಡೀತು, ಇನ್ನು ಪ್ರಕಟಣೆ" ಎನ್ನುತ್ತ ಓದುತ್ತಿದ್ದ ಪೇಪರನ್ನು ಮಡಚಿಡುತ್ತಿದ್ದರು.

ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಹತ್ತುವವರು ಕಾಯುವ ಹಾಲ್ ಒಂದಿದೆಯಲ್ಲ, ಅದರ ಮೇಲ್ಗಡೆ, ಹನ್ನೊಂದು ಮೆಟ್ಟಿಲು ಹತ್ತಿದರೆ ಆಕೆಯ ಗಾಜಿನ ಕೋಣೆ. ಒಂದು ಮೇಜು, ಎರಡು ಕುರ್ಚಿ, ಒಂದು ಮೈಕು. ಬಿಸಿನೀರಿನ ಲೋಟಕ್ಕೆ ಮುಚ್ಚಳ. ಮಾತಾಡುವಾಗ ಫ್ಯಾನ್ ಆರಿಸಬೇಕು, ಇಲ್ಲದಿದ್ದರೆ ಗುಂಯ್ ಅನ್ನುವುದು ಇಡೀ ಹಾಲಿಗೆ ಕೇಳಿಸುತ್ತದೆ. ಬೇಸಿಗೆಯಲ್ಲಿ ಆಕೆ ಬೆವರು ಒರೆಸಿಕೊಳ್ಳುತ್ತಲೇ ತಣ್ಣಗಿನ ದನಿಯಲ್ಲಿ ಮಾತಾಡುತ್ತಿದ್ದಳು. ಇಂಥಿಂಥ ದೇಶಕ್ಕೆ ಹೋಗುವವರು ಕಾಗದಪತ್ರ ತೋರಿಸಲು ಇಷ್ಟನೇ ಮೇಜಿಗೆ ಬರಬೇಕು ಎಂದು ಕೂಗುವುದು ಕೆಲಸ. ಹಾಗಾಗಿ ದಿನವಿಡೀ ಬಾಯಲ್ಲಿ ದೇಶಗಳ ಹೆಸರು.

ಆ ಹೆಸರುಗಳ ವಿಷಯದಲ್ಲಿ ಮಾತ್ರ ಆಕೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಪ್ರಯಾಣಿಕರ ಬಾಯಲ್ಲಿ ದೇಶಗಳು ಪಡುವ ಪಾಡು ನೋಡಿದರೆ ಆಕೆಗೆ ಮೈ ಉರಿಯುತ್ತಿತ್ತು. ಸೇಶೆಲ್ಸ್‌ಗೆ ಹೊರಟವರು ಸೈಕಲ್ಸ್ ಎಂದದ್ದೂ ಉಂಟು. ಕಿರಿಬಾಟಿ ಎಂದವರನ್ನಂತೂ ಆಕೆ ಸುಮ್ಮನೆ ಬಿಟ್ಟದ್ದೇ ಇಲ್ಲ. ಮೆಟ್ಟಿಲಿಳಿದು ಬಂದು, "ಕಿರಿಬಾಸ್ ಅನ್ನಿ ಸ್ವಾಮಿ. ಬರೆಯೋದು ಬೇರೆ, ಕರೆಯೋದು ಬೇರೆ. ಇಷ್ಟು ದೂರ ಹೋಗ್ತಿದ್ದೀರಿ, ಹೆಸರನ್ನಾದ್ರೂ ಸರಿಯಾಗಿ ತಗೊಂಡು ಹೋಗಿ" ಎನ್ನುವಳು. ಅವರು ಹೂಂಗುಟ್ಟಿ ಜಾಗ ಖಾಲಿ ಮಾಡುವರು. ಆಕೆ ಗೆದ್ದವಳ ಹಾಗೆ ಮೆಟ್ಟಿಲು ಹತ್ತುವಳು.

ಇದೆಲ್ಲ ಆಕೆಗೆ ಎಲ್ಲಿಂದ ಗೊತ್ತು? ಕಪ್ಪು ರಟ್ಟಿನ ಒಂದು ನೋಟ್‌ಬುಕ್ಕಿನಿಂದ. ಹೊಸ ದೇಶದ ಹೆಸರು ಬಂದರೆ ಗೊತ್ತಿದ್ದವರನ್ನು ಹುಡುಕಿ, ಅವರ ಬಾಯಿಂದ ಮೂರು ಸಲ ಹೇಳಿಸಿ, ಕೇಳಿಸಿದ ಹಾಗೆ ಬರೆದುಕೊಂಡು, ಪಕ್ಕದಲ್ಲಿ ಹೇಳಿದವರು ಯಾರೆಂದು ಗುರುತು ಹಾಕುತ್ತಿದ್ದಳು. 'ಡಾಕ್ಟರು, ಗಡ್ಡ ಇದೆ', 'ಮದುವೆಗೆ ಹೊರಟ ಅಕ್ಕತಂಗಿ', ಹೀಗೆ. ಶ್ರದ್ಧೆ ಅಂದರೆ ಶ್ರದ್ಧೆಯೇ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಒಂದು ಮಾತು ಹೇಳಿಬಿಡಬೇಕು. ಆಕೆ ಕೇಳುತ್ತಿದ್ದದ್ದು ಮೆತ್ತನೆ ಕುರ್ಚಿಗಳಿದ್ದ ಆ ಕಡೆಯ ಕೋಣೆಯಲ್ಲಿ ಕೂತವರನ್ನು. ಈ ಕಡೆ ನೆಲದ ಮೇಲೆ ಗಂಟುಮೂಟೆಗೆ ತಲೆಯಿಟ್ಟು ಮಲಗಿದವರನ್ನು ಆಕೆ ಎಬ್ಬಿಸಿ ಕೇಳಿದವಳಲ್ಲ.

ಇನ್ನೊಂದು ನಿಯಮವಿತ್ತು, ಅದೂ ಆಕೆ ತಂದದ್ದೇ. ಪ್ರಕಟಣೆಯಲ್ಲಿ ತಪ್ಪಾದರೆ ಯಾರು ತಪ್ಪು ಹೇಳಿದರೋ ಅವರೇ ಮತ್ತೆ ಗಂಟೆ ಒತ್ತಿ, 'ತಿದ್ದುಪಡಿ' ಎಂದು ಹೇಳಿ, ಸರಿಯಾದದ್ದನ್ನು ಮೂರು ಸಲ ಹೇಳಬೇಕು. ಬೇರೆಯವರು ಅವರ ಪರವಾಗಿ ಹೇಳುವಂತಿಲ್ಲ. ಕೈಕೆಳಗಿನ ಎಷ್ಟೋ ಮಂದಿ ಕಣ್ಣೀರು ನುಂಗಿಕೊಂಡು ಆ ಮಾತು ಹೇಳಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಆಕೆ ಒಂದು ಸಲವೂ ಹೇಳಿರಲಿಲ್ಲ. ಇದನ್ನು ಕೇಳಿದವರಿಗೂ ಹೇಳುವಳು, ಕೇಳದವರಿಗೂ ಹೇಳುವಳು.

ನಿವೃತ್ತಿಗೆ ಮೂರು ವಾರ ಉಳಿದಿತ್ತು. ಆಕೆಯ ಜಾಗಕ್ಕೆ ಒಬ್ಬರನ್ನು ಆರಿಸಬೇಕು. ಏಳು ಹುಡುಗಿಯರು ಬಂದರು. ಅಂಕ ಹಾಕುವವಳು ಗಂಟೆಯಮ್ಮ, ಸಹಿ ಹಾಕುವವರು ಮ್ಯಾನೇಜರು. ಒಬ್ಬೊಬ್ಬರೂ ಮೈಕಿನ ಮುಂದೆ ಕೂತು ದೇಶಗಳ ಪಟ್ಟಿ ಓದಬೇಕು, ಉಳಿದವರು ಗೋಡೆಗೆ ಸಾಲಾಗಿ ನಿಂತು ಕೇಳಬೇಕು. ಏಳನೆಯವಳು ಬಂದಳು. ಇಸ್ತ್ರಿ ಮಾಡಿದ ಹಳೆಯ ಬಟ್ಟೆ, ಎಣ್ಣೆ ಹಚ್ಚಿ ಬಿಗಿದ ಕೂದಲು. ಬಾಯಿ ತೆರೆದಳು ನೋಡಿ, ಗಂಟೆಯಮ್ಮನ ಕಿವಿ ನೆಟ್ಟಗಾಯಿತು. ಎಲ್ಲೂ ಎಳೆತವಿಲ್ಲ, ಎಲ್ಲೂ ನುಂಗುವುದಿಲ್ಲ. ಇಂಥ ದನಿ ಹತ್ತು ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತೋ ಏನೋ, ಆಕೆಯೇ ಬಲ್ಲಳು.

ಪಟ್ಟಿಯ ನಡುವೆ ಲೆಸೊಥೊ ಎಂದಿತ್ತು. ಹುಡುಗಿ "ಲೆಸೂಟು" ಎಂದು ಓದಿ ಮುಂದೆ ಹೋದಳು.

ಗಂಟೆಯಮ್ಮ ಬೆರಳೆತ್ತಿದಳು. "ನಿಲ್ಲಮ್ಮ. ಅದೇನು ಓದಿದ್ದು, ಇನ್ನೊಂದ್ಸಲ ಹೇಳು."

ಹುಡುಗಿ ಹೇಳಿದಳು.

"ಲೆಸೊಥೊ. ಅಕ್ಷರ ಕಣ್ಣೆದುರಿಗೇ ಇದೆ. ಇಲ್ಲದ್ದನ್ನ ಯಾಕೆ ಓದ್ತೀಯ?" ಗೋಡೆಗೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಆ ಕಿಸಕ್ಕು ಗಂಟೆಯಮ್ಮನಿಗೆ ಇನ್ನಷ್ಟು ಹುರುಪು ಕೊಟ್ಟಿತು. "ಮನೇಲಿ ಯಾರಾದ್ರೂ ಹಾಗೆ ಹೇಳ್ಕೊಟ್ಟಿದ್ರೆ, ಅವರಿಗೂ ತಿದ್ದಿ ಹೇಳು. ಎಲ್ಲಿ, ಮೂರು ಸಲ ಅನ್ನು."

ಹುಡುಗಿಯ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಆಮೇಲೆ ಲೆಸೊಥೊ, ಲೆಸೊಥೊ, ಲೆಸೊಥೊ ಎಂದು ಮೂರು ಸಲ ಅಂದಳು. ಗಂಟೆಯಮ್ಮ ಅಂಕದ ಹಾಳೆಯಲ್ಲಿ 'ದನಿ ಚೆನ್ನ, ಉಚ್ಚಾರಣೆ ಸಾಲದು' ಎಂದು ಬರೆದು ಎರಡನೆಯವಳ ಹೆಸರಿಗೆ ಗುಂಡು ಸುತ್ತಿದಳು. ಎರಡನೆಯವಳು ಗಿಳಿಯ ಹಾಗೆ ಹೇಳಿಕೊಟ್ಟದ್ದನ್ನೇ ಹೇಳುವಂಥವಳು.

ಮಾರನೆಯ ಬೆಳಿಗ್ಗೆ ದೊಡ್ಡಕ್ಕ ಕೋಣೆ ಒರೆಸಲು ಬಂದಳು. ನಿಲ್ದಾಣದ ಕಸಗುಡಿಸುವವರಲ್ಲೆಲ್ಲ ಹಿರಿಯಳು, ಅದಕ್ಕೇ ಎಲ್ಲರಿಗೂ ದೊಡ್ಡಕ್ಕ. ಇಪ್ಪತ್ತು ವರ್ಷದಿಂದ ಕೆಳಗಿನ ಹಾಲಿನ ನೆಲ ಒರೆಸುತ್ತಿದ್ದವಳು. ಗಾಜಿಗೆ ಬಟ್ಟೆ ಹಾಕುತ್ತ ಹಾಕುತ್ತ ಕೇಳಿದಳು, "ನಿನ್ನೆ ನನ್ನ ಮಗಳು ಚೆನ್ನಾಗಿ ಓದಿಲ್ವಾ ಅಮ್ಮ?"

"ಯಾರು ನಿಮ್ಮ ಮಗಳು?"

"ಏಳನೆಯವಳು. ಮನೆಗೆ ಬಂದವಳು ಊಟಾನೂ ಮಾಡದೆ ಮಲಗಿಬಿಟ್ಟಳು. ಏನು ಕೇಳಿದ್ರೂ ಹೇಳ್ತಿಲ್ಲ."

ಗಂಟೆಯಮ್ಮನಿಗೆ ಪಾಪ ಅನ್ನಿಸಿತು. "ದನಿ ಬಂಗಾರದ್ದು ದೊಡ್ಡಕ್ಕ. ಆದ್ರೆ ಒಂದು ದೇಶದ ಹೆಸರು ತಪ್ಪಿದಳು. ಲೆಸೊಥೊ ಅನ್ನೋದನ್ನ ಏನೇನೋ ಅಂದ್ಲು."

ದೊಡ್ಡಕ್ಕನ ಕೈ ಗಾಜಿನ ಮೇಲೇ ನಿಂತಿತು. ಆಮೇಲೆ ಅವಳು ಹೇಳಿದ್ದು ಕೇಳಿ. ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. "ಅದು ನನ್ನ ತಪ್ಪು ಅಮ್ಮ. ಅದು ನಾನು ಹುಟ್ಟಿದ ದೇಶ. ಮನೇಲಿ ನಾನು ಅಂತಿರ್ತೀನಲ್ಲ, ಅದೇ ಅವಳ ಬಾಯಿಗೆ ಬಂದುಬಿಟ್ಟಿದೆ. ಅಲ್ಲಿ ಹೋದಾಗ ಗಂಟೆಯಮ್ಮ ಹೇಳೋ ಹಾಗೇ ಹೇಳು ಅಂತ ನೂರು ಸಲ ಹೇಳಿ ಕಳಿಸಿದ್ದೆ. ಮನಸ್ಸಿಗೆ ಹಚ್ಕೋಬೇಡಿ."

ಹೇಳಿ, ಬಕೆಟ್ಟು ಎತ್ತಿಕೊಂಡು ಇಳಿದು ಹೋದಳು. ಕ್ಷಮೆ ಕೇಳಿದವಳು ಅವಳು.

ಗಂಟೆಯಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಕಪ್ಪು ನೋಟ್‌ಬುಕ್ ತೆಗೆದು ಪುಟ ತಿರುವಿದಳು. ಲೆಸೊಥೊ ಪಕ್ಕದಲ್ಲಿ ತನ್ನದೇ ಅಕ್ಷರ: 'ಕೋಟಿನವರು, ವ್ಯಾಪಾರಕ್ಕೆ ಎರಡು ಸಲ ಹೋಗಿ ಬಂದಿದ್ದಾರೆ.' ಹೋಗಿ ಬಂದವರು. ಅಲ್ಲಿಯವರಲ್ಲ. ತಾನು ಮೆಟ್ಟಿಲಿಳಿದು ಹೋಗಿ ತಿದ್ದುತ್ತಿದ್ದಳಲ್ಲ, ಅಂಥವನೇ ಒಬ್ಬ ಪ್ರಯಾಣಿಕ. ಅಲ್ಲಿ ಎರಡು ಸಲ ಇಳಿದರೂ ಅವನ ಕಿವಿಗೆ ಆ ಹೆಸರು ಬಿದ್ದಿರಲಿಲ್ಲ.

ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ನೆನಪಾಗಬಾರದಿತ್ತು. ತುಂಬ ಹಿಂದೆ, ದೊಡ್ಡಕ್ಕ ಕೆಲಸಕ್ಕೆ ಸೇರಿದ ಹೊಸತು, ಹೆಂಗಸರ ಕೈತೊಳೆಯುವ ಕೋಣೆಯಲ್ಲಿ. ಗಂಟೆಯಮ್ಮ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಹಿಂದೆ ನೆಲ ಒರೆಸುತ್ತಿದ್ದ ಎಳೆಯ ಹೆಂಗಸು ಅರ್ಧಂಬರ್ಧ ಭಾಷೆಯಲ್ಲಿ ಏನೋ ಹೇಳಿತು. ಅಮ್ಮ, ನಮ್ಮ ದೇಶದ ಹೆಸರು ಹಾಗಲ್ಲ, ಹೀಗೆ. ಗಂಟೆಯಮ್ಮ ಕನ್ನಡಿಯಿಂದ ತಿರುಗಲೂ ಇಲ್ಲ. "ನಾನು ವಿಚಾರಿಸಿಯೇ ಹೇಳೋದು ಕಣಮ್ಮ, ನೀನು ಆ ಮೂಲೆ ಸರಿಯಾಗಿ ಒರೆಸು" ಎಂದಿದ್ದಳು. ಅಂದಿದ್ದು ನಿಜ. ಅಕ್ಷರ ಅಕ್ಷರವೂ ನೆನಪಿತ್ತು.

ಆ ಹೆಂಗಸು ಆಮೇಲೆ ಎಂದೂ ಬಾಯಿ ಬಿಡಲಿಲ್ಲ. ದಿನಕ್ಕೆ ನಾಲ್ಕೈದು ಸಲ ತಲೆಯ ಮೇಲಿಂದ ತನ್ನ ದೇಶದ ಹೆಸರು ಕೆಟ್ಟು ಬೀಳುತ್ತಿದ್ದರೂ ಕೆಳಗೆ ನೆಲ ಒರೆಸಿಕೊಂಡಿದ್ದಳು. ಗಂಟೆಯಮ್ಮನಿಗೆ ಗಾಜಿನ ಕೋಣೆಯಲ್ಲಿ ಕೂರಲಾಗಲಿಲ್ಲ. ಮೂರು ಕಡೆಯೂ ಗಾಜು, ಮುಖ ಮುಚ್ಚಿಕೊಳ್ಳಲು ಜಾಗವಿಲ್ಲ. ಅಂದು ಆಕೆ ನಾಚಿದಷ್ಟು ಮದುಮಗಳಾಗಿದ್ದಾಗಲೂ ನಾಚಿರಲಿಲ್ಲ. ಇದು ಬೇರೆ ನಾಚಿಕೆ, ಮೈಯೊಳಗೆಲ್ಲ ಕೊಳೆ ಹತ್ತಿದ ಹಾಗೆ.

ಸರಿ, ತಪ್ಪು ಗೊತ್ತಾಯಿತು. ನೆಟ್ಟಗೆ ಹೋಗಿ ಒಪ್ಪಿಕೊಳ್ಳಬೇಕು ತಾನೆ? ಒಪ್ಪಿಕೊಳ್ಳಲಿಲ್ಲ. ಮ್ಯಾನೇಜರ ಮುಂದೆ ನಿಂತು, "ಸಾರ್, ಅಂಕ ಕೂಡೋವಾಗ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ. ಏಳನೆಯವಳೇ ಮುಂದೆ ಇದ್ದಾಳೆ" ಎಂದಳು. ಕೂಡುವುದರಲ್ಲಿ ಏನೂ ತಪ್ಪಿರಲಿಲ್ಲ, ಹಸಿ ಸುಳ್ಳು. ಮ್ಯಾನೇಜರಿಗೂ ಆ ದನಿಯೇ ಹಿಡಿಸಿತ್ತು, ಸಹಿ ಹಾಕಿದರು. ಹಾಕಿ, ನಗುತ್ತ ಒಂದು ಪುಸ್ತಕ ಮುಂದಿಟ್ಟರು. ಹಿಂದೊಮ್ಮೆ ನೋಡಿ ಕೊಡುತ್ತೇನೆಂದು ಒಯ್ದಿದ್ದ ಕಪ್ಪು ನೋಟ್‌ಬುಕ್ಕನ್ನು ಅವರು ಅಚ್ಚು ಹಾಕಿಸಿದ್ದರು. ಮುಖಪುಟದಲ್ಲಿ ಗಂಟೆಯಮ್ಮನ ಫೋಟೋ. "ನಿಮ್ಮ ನೆನಪಿಗೆ ಮೇಡಂ. ಇನ್ನು ಮುಂದೆ ಯಾರು ಬಂದರೂ ಇದನ್ನೇ ನೋಡಿ ಓದಬೇಕು. ಬೀಳ್ಕೊಡುಗೆ ದಿನ ಎಲ್ಲರಿಗೂ ಒಂದೊಂದು."

ಆ ಗಳಿಗೆಯಲ್ಲಾದರೂ ಬಾಯಿ ಬಿಡಬಹುದಿತ್ತು. "ತುಂಬಾ ಚೆನ್ನಾಗಿ ಬಂದಿದೆ ಸಾರ್" ಎಂದು ಪುಸ್ತಕ ಎದೆಗವಚಿಕೊಂಡು ಬಂದಳು.

ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿಸಿಕೊಂಡರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು, ಮಾತು ಕಡಿಮೆ. ಆಕೆ ತಾನೇ ಸಮಾಧಾನ ಹೇಳಿಕೊಂಡಳು. "ಹುಡುಗಿಗೆ ಕೆಲಸ ಸಿಕ್ತಲ್ಲ ರೀ. ಅದು ಮುಖ್ಯ. ಹೆಸರೇನು, ನಾನು ಹೋದ್ಮೇಲೆ ಯಾರಾದ್ರೂ ತಿದ್ದಿಕೊಳ್ತಾರೆ."

"ಯಾರು?"

"ಯಾರಾದ್ರೂ."

"ತಪ್ಪು ಹೇಳಿದವರೇ ತಿದ್ದಬೇಕು ಅಂತ ಒಂದು ನಿಯಮ ಇತ್ತಲ್ಲ, ನಿಮ್ಮ ಆಫೀಸಲ್ಲಿ. ಯಾರೋ ಪುಣ್ಯಾತ್ಗಿತ್ತಿ ಮಾಡಿದ್ದು."

ಆಕೆ ಎದ್ದು ಒಳಗೆ ಹೋದಳು. ಆ ಹೊತ್ತು ಗಂಟೆ ಬಾರಿಸಲಿಲ್ಲ.

ಹುಡುಗಿ ತರಬೇತಿಗೆ ಬಂದಳು. ಎರಡು ವಾರ ಇಬ್ಬರೂ ಅದೇ ಮೇಜಿನ ಮುಂದೆ. ಫ್ಯಾನ್ ಯಾವಾಗ ಆರಿಸಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ನೆಗಡಿಯಾದಾಗ ಏನು ಮಾಡಬೇಕು, ಎಲ್ಲ ಹೇಳಿಕೊಟ್ಟಳು. ಅಚ್ಚಾದ ಪುಸ್ತಕ ಓದಿಸುತ್ತ ಲಕಾರದ ಪುಟಕ್ಕೆ ಬಂದಾಗ ಮಾತ್ರ "ಇದು ಆಮೇಲೆ ನೋಡೋಣ" ಎಂದು ಪುಟ ತಿರುವಿಬಿಟ್ಟಳು. ಹುಡುಗಿ ಆಕೆಯ ಬೆರಳನ್ನೇ ನೋಡಿದಳು.

ಕೊನೆಯ ದಿನಕ್ಕೆ ಎರಡು ದಿನ ಉಳಿದಾಗ, ಕೆಲಸ ಮುಗಿಸಿ ಇಳಿಯುವಾಗ, ಮೆಟ್ಟಿಲ ನಡುವೆ ನಿಂತು ಆಕೆ ತಗ್ಗಿದ ದನಿಯಲ್ಲಿ ಅಂದಳು, "ನೋಡಮ್ಮ, ಆವತ್ತು ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು. ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ, ಅಮ್ಮನ ದೇಶ ಅಂತ?"

"ನನಗೆ ಕೆಲಸ ಬೇಕಾಗಿತ್ತು ಮೇಡಂ" ಎಂದಳು ಹುಡುಗಿ. "ಬೈದಿದ್ದು ಅಷ್ಟು ಜನರ ಎದುರಿಗೆ. ತಪ್ಪಾಯ್ತು ಅಂತಿರೋದು ಮೆಟ್ಟಿಲ ಮೇಲೆ. ಇರಲಿ ಬಿಡಿ. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಓದ್ತೀನಿ."

ಗಂಟೆಯಮ್ಮ ಉಳಿದ ಮೆಟ್ಟಿಲುಗಳನ್ನು ಇಳಿದು ಮನೆಗೆ ಹೋದಳು.

ಕೊನೆಯ ದಿನ ಬಂತು. ಸಂಜೆ ಬೀಳ್ಕೊಡುಗೆ, ಮಧ್ಯಾಹ್ನ ಹುಡುಗಿಯ ಮೊದಲ ಪ್ರಕಟಣೆ. ಅಂದೇ ನೋಡಿ, ಪಟ್ಟಿಯಲ್ಲಿ ಆ ದೇಶವೂ ಇತ್ತು. ಗಂಟೆಯಮ್ಮ ಬೆಳಿಗ್ಗೆಯೇ ನೋಡಿದ್ದಳು, ನೋಡಿಯೂ ಸುಮ್ಮನಿದ್ದಳು. ಸಂಜೆ ಹೂವಿನ ಹಾರ ಕೊರಳಿಗೆ ಬೀಳಲಿ, ಪುಸ್ತಕ ಹಂಚಿ ಮುಗಿಯಲಿ, ಆಮೇಲೆ ಮ್ಯಾನೇಜರಿಗೊಂದು ಕಾಗದ ಬರೆದರಾಯಿತು ಎಂದುಕೊಂಡಿದ್ದಳು. ಕೆಳಗೆ ಹಾಲಿನಲ್ಲಿ ದೊಡ್ಡಕ್ಕ ನಿಂತಿದ್ದಳು. ಕೆಲಸದ ನೀಲಿ ಬಟ್ಟೆಯನ್ನೇ ತಿಕ್ಕಿ ಒಗೆದು ಉಟ್ಟಿದ್ದಳು. ಮಗಳ ದನಿ ಬರುತ್ತದೆಂದು ಉಳಿದ ಕಸಗುಡಿಸುವವರನ್ನೂ ಕರೆತಂದಿದ್ದಳು. ಐದಾರು ಹೆಂಗಸರು ಪೊರಕೆ, ಬಕೆಟ್ಟು ಪಕ್ಕಕ್ಕಿಟ್ಟು, ಧ್ವನಿವರ್ಧಕದ ಕಡೆ ಮುಖ ಎತ್ತಿ ನಿಂತಿದ್ದರು.

ಹುಡುಗಿ ಫ್ಯಾನ್ ಆರಿಸಿದಳು, ಗುಂಡಿ ಒತ್ತಿದಳು. ಟಿಂಗ್.

ಎಷ್ಟು ಚೆನ್ನಾಗಿ ಓದಿದಳು. ಹಾಲಿನಲ್ಲಿ ಮಾತಾಡುತ್ತಿದ್ದವರೂ ಮಾತು ನಿಲ್ಲಿಸಿದರು. ಕೆಳಗೆ ಹೆಂಗಸರು ದೊಡ್ಡಕ್ಕನ ಬೆನ್ನು ತಟ್ಟಿದರು, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಪಟ್ಟಿ ಮುಂದೆ ಸಾಗಿತು. ಆ ಹೆಸರು ಬಂತು. ಹುಡುಗಿ ಒಂದಿಷ್ಟೂ ತಡವರಿಸದೆ, ಪುಸ್ತಕದಲ್ಲಿ ಇದ್ದ ಹಾಗೆ, ಗೋಡೆಗೆ ನಿಂತವರ ಮುಂದೆ ಮೂರು ಸಲ ಹೇಳಿ ಕಲಿತ ಹಾಗೆ, "ಲೆಸೊಥೊ" ಎಂದಳು.

ಗಂಟೆಯಮ್ಮ ಗಾಜಿನಿಂದ ಕೆಳಗೆ ನೋಡುತ್ತಿದ್ದಳು. ದೊಡ್ಡಕ್ಕನ ನಗು ಹಾಗೇ ಇತ್ತು. ಪಕ್ಕದವರಿಗೆ ಏನೂ ಗೊತ್ತಾಗಲಿಲ್ಲ. ಆದರೆ ಅವಳು ಮೆಲ್ಲಗೆ ಬಗ್ಗಿ, ಪಕ್ಕಕ್ಕಿಟ್ಟಿದ್ದ ನೆಲ ಒರೆಸುವ ಕೋಲು ತೆಗೆದುಕೊಂಡು, ಒರೆಸಿ ಆಗಿದ್ದ ನೆಲವನ್ನೇ ಮತ್ತೆ ಒರೆಸತೊಡಗಿದಳು. ಗಂಟೆಯಮ್ಮನ ತಪ್ಪು ಈಗ ಆ ತಾಯಿಯ ಮಗಳ ಬಾಯಿಂದಲೇ ಅವಳ ತಲೆಯ ಮೇಲೆ ಬಿತ್ತು. ಇನ್ನು ಮೂವತ್ತು ವರ್ಷ ಬೀಳುತ್ತದೆ. ಮುಖಪುಟದಲ್ಲಿ ತನ್ನ ಫೋಟೋ ನಗುತ್ತಿರುತ್ತದೆ.

ಪ್ರಕಟಣೆ ಮುಗಿಯಿತು. ಹುಡುಗಿ ಗುಂಡಿಯಿಂದ ಕೈ ತೆಗೆದಳು.

"ಏಳಮ್ಮ, ಸ್ವಲ್ಪ ಜಾಗ ಬಿಡು" ಎಂದಳು ಗಂಟೆಯಮ್ಮ.

ಹುಡುಗಿ ಗಾಬರಿಯಾಗಿ ನೋಡಿದಳು. "ಏನಾದ್ರೂ ತಪ್ಪಾಯ್ತಾ ಮೇಡಂ?"

"ಹೌದು. ನಿನ್ನಿಂದ ಅಲ್ಲ."

ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದಳು. ಟಿಂಗ್ ಆಯಿತು. ಎಷ್ಟೋ ಮಂದಿಯ ಬಾಯಲ್ಲಿ ಹೇಳಿಸಿದ್ದ ಆ ಒಂದು ಮಾತು ತನ್ನ ಗಂಟಲಿನಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತೆಂದರೆ, ಕೆಳಗೆ ಕೂತವರು ಮೈಕು ಕೆಟ್ಟಿತೇನೋ ಎಂದು ಮೇಲೆ ನೋಡಿದರು.

"ತಿದ್ದುಪಡಿ" ಎಂದಳು. "ಈಗ ಕೇಳಿದ ಒಂದು ದೇಶದ ಹೆಸರು ತಪ್ಪು. ಓದಿದವರ ತಪ್ಪಲ್ಲ. ಓದಿದವರಿಗೆ ಸರಿಯಾದ ಹೆಸರು ಗೊತ್ತಿತ್ತು, ಅವರಿಂದ ತಪ್ಪು ಹೇಳಿಸಿದವಳು ನಾನು. ಇಷ್ಟು ವರ್ಷ ಇಲ್ಲಿ ಕೂತು ತಪ್ಪು ಹೇಳಿದವಳೂ ನಾನೇ. ಇದೇ ನಿಲ್ದಾಣದ ನೆಲ ಒರೆಸುವವರೊಬ್ಬರು ಅದು ಹಾಗಲ್ಲ ಅಂತ ಮೊದಲೇ ಹೇಳಿದ್ದರು. ನಾನು ಕೇಳಲಿಲ್ಲ. ಅವರ ದೇಶದ ಹೆಸರು ಲೆಸೂಟು."

ದನಿ ಒಡೆದುಹೋಯಿತು. ಕೊನೆಯ ಅಕ್ಷರ ಅರ್ಧಕ್ಕೇ ನಿಂತಿತು. ಮೇಜಿನ ಮೇಲಿನ ಫೋನು ಆಗಲೇ ಬಡಿದುಕೊಳ್ಳತೊಡಗಿತ್ತು, ಮ್ಯಾನೇಜರೇ ಇರಬೇಕು, ಯಾರೂ ಎತ್ತಲಿಲ್ಲ. ಕೆಳಗೆ ದೊಡ್ಡಕ್ಕ ಕೋಲು ಹಿಡಿದು ನೆಟ್ಟಗೆ ನಿಂತು ಗಾಜಿನ ಕಡೆ ನೋಡುತ್ತಿದ್ದಳು. ನಗುತ್ತಿರಲಿಲ್ಲ. ಗಂಟೆಯಮ್ಮ ಮುಖ ತಿರುಗಿಸಿಕೊಳ್ಳಬೇಕೆಂದುಕೊಂಡಳು, ತಿರುಗಿಸಲಿಲ್ಲ. ದೊಡ್ಡಕ್ಕ ತಲೆಯನ್ನು ಅಡ್ಡಕ್ಕೆ ಆಡಿಸಿ, ತುಟಿಯನ್ನು ನಿಧಾನವಾಗಿ, ಸ್ಪಷ್ಟವಾಗಿ ಅಲುಗಿಸಿ ಆ ಹೆಸರನ್ನು ಹೇಳಿ ತೋರಿಸಿದಳು.

"ಕೊನೇಲಿ ಸ್ವಲ್ಪ ಉಸಿರು ಬಿಡಬೇಕು ಮೇಡಂ" ಎಂದಳು ಹುಡುಗಿ, ಪಕ್ಕದಿಂದ, ಮೆಲ್ಲಗೆ.

ಗಂಟೆಯಮ್ಮ ದೊಡ್ಡಕ್ಕನ ತುಟಿ ನೋಡಿಕೊಂಡು ಎರಡನೆಯ ಸಲ ಹೇಳಿದಳು. ಕಣ್ಣೊರೆಸಿಕೊಂಡು ಬಿಸಿನೀರು ಕುಡಿದಳು. ನಿಯಮದ ಪ್ರಕಾರ ಇನ್ನೂ ಒಂದು ಸಲ ಬಾಕಿ ಇತ್ತು.